ಸದಸ್ಯತ್ವ ಕಾರ್ಡ್ ಲಾಗ್: ಸಹಿ ಸರಿಯಿದ್ದರೂ ‘ಫಾಲ್ಸ್’ ಯಾಕೆ?

ನಮ್ಮ ಓದುಗರ ಬಳಗದ ಕಾರ್ಡಿಗೆ ಕ್ಯೂಆರ್ ಹಾಕುವ ಕೆಲಸ ಡಿಜಿಟಲ್ ಸಹಿಯ ಪರಿಶೀಲನೆ, ಅಂದ್ರೆ ಕಾರ್ಡು ಅಸಲಿಯೋ ಅಂತ ನೋಡುವ ಹಂತದ ಹತ್ತಿರ ಬಂದು ನಿಂತಿತ್ತು. ಸಹಿ ಹಾಕುವುದು ಪೈಥಾನ್, ಪರಿಶೀಲಿಸುವುದು ಫೋನಿನ ಬ್ರೌಸರ್. 2048 ಬಿಟ್ ಆರ್‌ಎಸ್‌ಎ ಕೀ ಜೋಡಿ (ಸಹಿ ಹಾಕಲು ಗುಟ್ಟಿನ ಪ್ರೈವೇಟ್ ಕೀ, ಪರಿಶೀಲಿಸಲು ಪಬ್ಲಿಕ್ ಕೀ), ಸಂದೇಶದ ಬೆರಳಚ್ಚಿನಂಥ 32 ಬೈಟ್ ಹ್ಯಾಶ್ ತೆಗೆಯುವ ಶಾ-256, ಆ ಹ್ಯಾಶನ್ನು ಕೀ ಉದ್ದಕ್ಕೆ ಹಿಗ್ಗಿಸುವ ಪಿಎಸ್‌ಎಸ್ ಪ್ಯಾಡಿಂಗ್. ಕ್ಯೂಆರ್‌ನಲ್ಲಿ ಸದಸ್ಯ ಸಂಖ್ಯೆ, ಸಹಿ ಎರಡೇ ಇವೆ. ಸಹಿ ಹಾಕುವ ಸಂದೇಶದಲ್ಲಿ ಹೆಸರೂ ಇದೆ, ಅದನ್ನು ಫೋನು ತನ್ನಲ್ಲಿರುವ ಪಟ್ಟಿಯಿಂದ ತೆಗೆದುಕೊಳ್ಳುತ್ತದೆ.

ಬೈಟ್‌ಗಳನ್ನು ಅಕ್ಷರಗಳಾಗಿ ಬರೆಯುವ ಬೇಸ್64ರ ತಕರಾರು ಬೇಗ ಮುಗಿಯಿತು. ಪೈಥಾನ್ ಕಡೆ + ಮತ್ತು / ಬದಲು - ಮತ್ತು _ ಬರುವ ಯುಆರ್‌ಎಲ್ ಬಗೆ ಇತ್ತು, ಬ್ರೌಸರಿನ ಡಿಕೋಡರ್ ಅದನ್ನು ಒಪ್ಪಲ್ಲ. ಅಲ್ಲಿ ಎರರ್ ಆದರೂ ಬರುತ್ತದೆ. ಆಮೇಲಿನದ್ದಕ್ಕೆಲ್ಲ ಸಹಿ ಪರಿಶೀಲಿಸುವ ಬ್ರೌಸರಿನ ವೆಬ್ ಕ್ರಿಪ್ಟೋ ಕೊಡುವುದು ಒಂದೇ ಉತ್ತರ: ಫಾಲ್ಸ್, ಅಂದ್ರೆ ಸಹಿ ತಪ್ಪು. ಕಾರಣ ಹೇಳಲು ಬಾಯೇ ಬಿಡಲ್ಲ.

ಹಾಗಾಗಿ ಸಹಿಯನ್ನೇ ಬಿಚ್ಚಿ ನೋಡಿದೆ. ಸಹಿ ಅಂದ್ರೆ ಒಂದು ದೊಡ್ಡ ಸಂಖ್ಯೆ ತಾನೇ? ಅದನ್ನು ಪಬ್ಲಿಕ್ ಕೀಯ ಎರಡು ಸಂಖ್ಯೆಗಳ (ಘಾತ ‘ಇ’, ಭಾಜಕ ‘ಎನ್’) ಜೊತೆ ಪೈಥಾನಿನ ಘಾತ ಲೆಕ್ಕ ‘ಪೌ’ಗೆ ಕೊಟ್ಟರೆ ಒಳಗಿನ 256 ಬೈಟ್ ಸಿಗುತ್ತವೆ. ಕೊನೆಯ ಬೈಟ್ ಹೆಕ್ಸ್‌ನಲ್ಲಿ ‘ಬಿ-ಸಿ’ ಇತ್ತು. ಅದು ಪಿಎಸ್‌ಎಸ್ ಗುರುತು. ಕೀ ಅಥವಾ ಬೇಸ್64 ಕೆಟ್ಟಿದ್ದರೆ ಪ್ರತಿ ಸಹಿಯಲ್ಲೂ ಅದೇ ಬೈಟ್ ಬರುತ್ತಿರಲಿಲ್ಲ. ಉಳಿದದ್ದು ಸಾಲ್ಟ್, ಅಂದ್ರೆ ಪಿಎಸ್‌ಎಸ್ ಸೇರಿಸುವ ಯಾದೃಚ್ಛಿಕ ಬೈಟ್‌ಗಳ ಉದ್ದ. ಪೈಥಾನಿನಲ್ಲಿ ‘ಗರಿಷ್ಠ’ ಅಂತ ಇತ್ತು, ಅಂದ್ರೆ 256 - 32 - 2 = 222 ಬೈಟ್. ಬ್ರೌಸರಿನಲ್ಲಿ 32. ಎರಡೂ ಕಡೆ 32 ಮಾಡಿದೆ, ಟ್ರೂ ಬಂತು.

ಆದರೆ ಎಲ್ಲರಿಗೂ ಅಲ್ಲ. ‘ರಮ್ಯಾ’ ಪಾಸ್, ‘ಗೋಪಾಲ’ ಫೇಲ್.

ಪಿಎಸ್‌ಎಸ್‌ನಲ್ಲಿ ಹ್ಯಾಶ್ ನೇರವಾಗಿ ಕಾಣಲ್ಲ. ಪರೀಕ್ಷೆಗೆ ಅಂತ ಪ್ಯಾಡಿಂಗನ್ನು ಹಳೆಯ ಬಗೆಯಾದ ಪಿಕೆಸಿಎಸ್#1 ವಿ1.5ಗೆ ಬದಲಿಸಿದೆ. ಅದನ್ನು ಬಿಚ್ಚಿದರೆ ಮೊದಲು 00 01, ಆಮೇಲೆ 202 ‘ಎಫ್‌ಎಫ್’ ಬೈಟ್, ಒಂದು 00, ಹ್ಯಾಶ್ ಯಾವುದೆಂದು ಹೇಳುವ 19 ಬೈಟ್, ಕೊನೆಗೆ 32 ಬೈಟ್ ಹ್ಯಾಶ್. ನೋಡಲು ಬಲು ಸಲೀಸು. ಇದು ಪೈಥಾನ್ ಲೆಕ್ಕಹಾಕಿದ ಹ್ಯಾಶ್‌ಗೆ ಸರಿಯಾಗಿ ಕೂಡಿತು, ಬ್ರೌಸರಿನದ್ದಕ್ಕೆ ಕೂಡಲಿಲ್ಲ. ಪ್ಯಾಡಿಂಗ್ ತಂಟೆಯೇ ಅಲ್ಲ, ಸಂದೇಶವೇ ಬೇರೆ!

ಎರಡೂ ಕಡೆಯ ಬೈಟ್ ಅಕ್ಕಪಕ್ಕ ಇಟ್ಟೆ. ಪೈಥಾನಿನಲ್ಲಿ ‘ಗೋ’ 6 ಬೈಟ್: ಗ ಮತ್ತು ಒಂದೇ ಓತ್ವ. ಫೋನಿನ ಪಟ್ಟಿಯಲ್ಲಿ 12 ಬೈಟ್: ಗ, ಎತ್ವ, ಊತ್ವ, ದೀರ್ಘದ ಚಿಹ್ನೆ, ಬಿಡಿಬಿಡಿಯಾಗಿ. ಪರದೆ ಮೇಲೆ ಎರಡೂ ಥೇಟ್ ಒಂದೇ. ಆ ಪಟ್ಟಿ ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಪರಿವರ್ತಿಸಿದ್ದು. ಪೈಥಾನ್ ಅದನ್ನು ಓದುವಾಗ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ರೂಪ) ಮಾಡುತ್ತಿತ್ತು, ಬ್ರೌಸರ್ ಇದ್ದ ಹಾಗೇ ಬಿಡುತ್ತಿತ್ತು. ಅಲ್ಲೂ ‘ನಾರ್ಮಲೈಸ್’ ಕರೆದ ಮೇಲೆ ಓ, ಏ, ಈ, ಐ ಇರುವ ಹೆಸರೆಲ್ಲ ಪಾಸ್.

ಪರೀಕ್ಷೆ ಮುಗಿದ ಕೂಡಲೇ ಪಿಎಸ್‌ಎಸ್‌ಗೆ ವಾಪಸ್. ಬಿಚ್ಚಿ ನೋಡುವ ಕೋಡು ಟೆಸ್ಟ್ ಫೋಲ್ಡರಿನಲ್ಲೇ ಇರಲಿ. ವಿ1.5 ಪ್ಯಾಡಿಂಗನ್ನು ಸಡಿಲವಾಗಿ ಪರೀಕ್ಷಿಸುವ ಕೋಡಿದ್ದು, ಪಬ್ಲಿಕ್ ಕೀಯ ‘ಇ’ 3 ಆಗಿದ್ದರೆ, ಪ್ರೈವೇಟ್ ಕೀ ಇಲ್ಲದೆಯೇ ನಕಲಿ ಸಹಿ ಹುಟ್ಟಿಸಬಹುದು ಅಂತ ಕ್ರಿಪ್ಟೋ ತಜ್ಞ ಡೇನಿಯಲ್ ಬ್ಲೈಖನ್‌ಬಾಖರ್ 2006ರಲ್ಲೇ ತೋರಿಸಿದ್ದಾರೆ. ನಿಜವಾದ ಕೆಲಸಕ್ಕೆ ಲೈಬ್ರರಿಯೇ ಸರಿ.

ಮುಂದಿನ ಕೆಲಸ ಕ್ಯೂಆರ್ ಚಿಕ್ಕದು ಮಾಡುವುದು. 256 ಬೈಟ್ ಸಹಿ ಬೇಸ್64ನಲ್ಲಿ 344 ಅಕ್ಷರ ಆಗುತ್ತದೆ, ಹಳೆಯ ಫೋನುಗಳು ಓದಲು ತಿಣುಕುತ್ತಿವೆ. ಸಹಿ 64 ಬೈಟಷ್ಟೇ ಆಗುವ ಎಡ್25519 ಎಂಬ ಬೇರೆ ಸಹಿ ಪದ್ಧತಿಯನ್ನು ಒಮ್ಮೆ ಹಾಕಿ ನೋಡಬೇಕು.