ಪಾಲಾದ ಮನೆಯಿಂದ ಶಾಲೆಗೆ

ಶಾಲೆಯ ನೆನಪು ಬರೆದುಕೊಡಿ ಅಂದರೆ ಎಲ್ಲರೂ ಮೇಷ್ಟ್ರ ಬೆತ್ತ, ವಾರ್ಷಿಕೋತ್ಸವದ ನಾಟಕ ಅಂತ ಬರೆಯುತ್ತಾರೆ. ನನಗೆ ನೆನಪಾಗುವುದು ಒಂಬತ್ತನೇ ಕ್ಲಾಸಿನ ಬೆಂಚು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ದೊಡ್ಡಪ್ಪನ ಮಗ. ನಮ್ಮಿಬ್ಬರಿಗೂ ಮಾತಿಲ್ಲ. ಮಧ್ಯೆ ಕೂತ ಹುಡುಗ ರಬ್ಬರು, ಸ್ಕೇಲು, ಬೈಗುಳ ಎಲ್ಲವನ್ನೂ ಅತ್ತಿಂದಿತ್ತ ದಾಟಿಸುತ್ತಿದ್ದ.

1989ರಲ್ಲಿ ನಮ್ಮ ಮನೆ ಪಾಲಾಯಿತು. ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ ಅಂದರೆ ಗೊತ್ತಲ್ವಾ, ಜಗಲಿ, ಬಚ್ಚಲು, ಕೊಟ್ಟಿಗೆ ಎಲ್ಲ ಅಂಟಿಕೊಂಡೇ ಇರುತ್ತವೆ. ಜಗಲಿಗೆ ಅಡ್ಡ ಗೋಡೆ ಬಂತು. ಒಲೆ ಎರಡಾಯಿತು. ಅಡಿಕೆ ಒಣಗಿಸುವ ಅಂಗಳಕ್ಕೆ ಸುಣ್ಣದ ಗೆರೆ ಎಳೆದರು. ಮಳೆಗಾಲದಲ್ಲಿ ಅಳಿಸಿಹೋದರೆ ಕೊಯ್ಲಿನ ಹೊತ್ತಿಗೆ ಮತ್ತೆ ಎಳೆಯುತ್ತಿದ್ದರು. ಮರ ಎಣಿಸಿ ತೋಟ ಹಂಚಿದರು. ಮೇಲಿನ ಭಾಗ ದೊಡ್ಡಪ್ಪನಿಗೆ, ಕೆಳಗಿನದು ನಮಗೆ. ಬೇಸಿಗೆಯಲ್ಲಿ ನೀರು ಬಿಡಲಿಲ್ಲ ಅಂತ ಜಗಳ, ಮಳೆಗಾಲದಲ್ಲಿ ಬಿಟ್ಟರು ಅಂತ ಜಗಳ.

ಕೊಳೆರೋಗಕ್ಕೆ ಮಾತ್ರ ಪಾಲುಪತ್ರ ಗೊತ್ತಿರಲಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಹಾಕಿ ಔಷಧಿ ಮಾಡುವುದು ಎರಡೂ ಮನೆಗೆ ಬರುತ್ತಿತ್ತು. ಆದರೆ ಒಂದೇ ದಿನ ಹೊಡೆಯೋಣ ಅಂತ ಕೇಳುವವರು ಯಾರು? ನಾವು ಹೊಡೆದ ಮೇಲೆ ಅವರು, ಅವರು ಹೊಡೆಯುವಷ್ಟರಲ್ಲಿ ಮಳೆ. ಮಳೆ ಹನಿ, ಗಾಳಿಯ ಜೊತೆ ರೋಗ ಆ ಮರದಿಂದ ಈ ಮರಕ್ಕೆ. ಎಳೆ ಅಡಿಕೆ ಉದುರಿ ಬಿದ್ದರೆ ಗಡಿಯ ಎರಡೂ ಕಡೆ ಒಂದೇ ವಾಸನೆ.

ಈ ಕಥೆ ಶಾಲೆಗೂ ಗೊತ್ತಿತ್ತು. ನಮ್ಮ ಗಣಿತ ಮೇಷ್ಟ್ರ ಹತ್ತಿರ ಒಂದು ಹಳೆಯ ಮೋಜಣಿ ಸರಪಳಿ ಇತ್ತು. 33 ಅಡಿ ಉದ್ದ, ಅದರಲ್ಲಿ 16 ಭಾಗ, ಒಂದೊಂದು ಭಾಗಕ್ಕೂ ಆಣೆ ಅಂತ ಹೆಸರು. ಉದ್ದಕ್ಕೊಂದು ಅಗಲಕ್ಕೊಂದು ಸರಪಳಿ ಹಿಡಿದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಸೇರಿದರೆ ಎಕರೆ. ವಿಸ್ತೀರ್ಣದ ಪಾಠ ಬಂದಾಗ ಎಲ್ಲರನ್ನೂ ಆಟದ ಬಯಲಿಗೆ ಕರೆದುಕೊಂಡು ಹೋಗಿ, ಸರಪಳಿಯ ಒಂದು ತುದಿ ನನಗೆ, ಇನ್ನೊಂದು ದೊಡ್ಡಪ್ಪನ ಮಗನಿಗೆ ಕೊಟ್ಟರು. ಬೇಕಂತಲೇ ಕೊಟ್ಟರೋ, ಸುಮ್ನೆ ಕೊಟ್ಟರೋ, ಆಮೇಲೂ ನಾನು ಕೇಳಲಿಲ್ಲ. ಸರಪಳಿ ಸಡಿಲ ಬಿಟ್ಟರೆ ಅಳತೆ ತಪ್ಪುತ್ತದೆ. "ಎಳಿಯೋ!" ಅಂತ ಅವನು ಕೂಗಿದ. "ನೀನು ಬಗ್ಗಿ ಹಿಡಿಯೋ!" ಅಂತ ನಾನು. ತಿಂಗಳುಗಟ್ಟಲೆ ಮಾತಿಲ್ಲದ ಮೇಲೆ ಆಡಿದ ಮೊದಲ ಮಾತು ಅದು. ಮಧ್ಯದ ಹುಡುಗನಿಗೆ ಕೆಲಸ ಹೋಯಿತು ಅಂತ ಕ್ಲಾಸಿನವರೆಲ್ಲ ನಕ್ಕರು. ಮನೆಯಲ್ಲಿ ಮಾತ್ರ ನಾವಿಬ್ಬರೂ ಮಾತು ಬಿಟ್ಟವರ ಹಾಗೇ ಇದ್ದೆವು. ಇಲ್ಲದಿದ್ದರೆ ಅಮ್ಮಂದಿರು ಸುಮ್ಮನೆ ಬಿಡುತ್ತಿದ್ದರಾ!

ಆ ಸರಪಳಿ ನನ್ನನ್ನು ಬಿಡಲಿಲ್ಲ. ಈಗ ನಾನು ಪರವಾನಗಿ ಭೂಮಾಪಕ. ಜಮೀನು ಪಾಲಾಗುವ ಮೊದಲು ಬೇಕಾಗುವ 11ಇ ನಕ್ಷೆ ಮಾಡಿಕೊಡುವುದು ಕೆಲಸ. ಅಳತೆಗೆ ಹೋದ ಕಡೆಯೆಲ್ಲ ಕಾಣುವುದು ನಮ್ಮ ಮನೆಯೇ. ಬಾಯಲ್ಲಿ ಗುಂಟೆ ಲೆಕ್ಕ, ಹೊಟ್ಟೆಯಲ್ಲಿ ಬೇರೆ ಲೆಕ್ಕ. ನಮ್ಮ ದೊಡ್ಡಪ್ಪನದೂ ಹಾಗೇ. ತಮ್ಮನನ್ನು ಕಾಲೇಜಿಗೆ ಕಳಿಸಿದರು, ತನ್ನನ್ನು ತೋಟಕ್ಕೆ ಇಳಿಸಿದರು ಅನ್ನುವುದು ಅವರ ಸಂಕಟ. "ನಾನು ಮಣ್ಣು ಹೊತ್ತೆ, ಅವನು ಪುಸ್ತಕ ಹೊತ್ತ" ಅನ್ನುತ್ತಿದ್ದರು. ಅದಕ್ಕೆ ಪಂಚಾಯ್ತಿಯವರು ಎಷ್ಟು ಮರ ಜಾಸ್ತಿ ಕೊಡಲು ಸಾಧ್ಯ?

ಈ ಗಲಾಟೆಯಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದವರು ಅತ್ತೆ, ಅಪ್ಪನ ಅಕ್ಕ. ಅಜ್ಜ ತೀರಿಹೋಗಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅವರ ಪಾಲಿನಲ್ಲಿ ಮಗಳಿಗೂ ಹಕ್ಕಿತ್ತು. ಹಾಗಾಗಿ ಅತ್ತೆಯ ಸಹಿ ಬೇಕಿತ್ತು. ಮಾತೇ ಬಿಟ್ಟಿದ್ದ ಅಣ್ಣತಮ್ಮಂದಿರು ಆ ಒಂದು ದಿನ ಒಂದೇ ಜೀಪಿನಲ್ಲಿ ಹೋಗಿ ಅವರನ್ನು ಕರೆತಂದರು! ಸೀರೆ ಉಡುಗೊರೆ ಕೊಟ್ಟರು, ಪಾಯಸದ ಊಟ ಹಾಕಿದರು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಕರ್ನಾಟಕದಲ್ಲಿ 1994ರಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಬಂತು, ಅದೂ ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪಾಲನ್ನು ಅದು ಮುಟ್ಟುವುದಿಲ್ಲ. ಇದನ್ನು ಅತ್ತೆಗೆ ವಿವರಿಸಿದಾಗ, "ಸೀರೆ ಬಣ್ಣ ಒಂದೇ ತೊಳೆತಕ್ಕೆ ಹೋಯ್ತು ಮಾರಾಯ" ಅಂದರು. ನಗುತ್ತಲೇ ಅಂದರು, ಆದರೆ ಮರೆತಿಲ್ಲ ನೋಡಿ.

ಅಪ್ಪ, ದೊಡ್ಡಪ್ಪ ಕೊನೆಯವರೆಗೂ ಸರಿಹೋಗಲಿಲ್ಲ. ದೊಡ್ಡಪ್ಪ ಹೋದಾಗ ಅಪ್ಪ ಹತ್ತು ದಿನದ ಸೂತಕ ಕಟ್ಟುನಿಟ್ಟಾಗಿ ಹಿಡಿದರು. ಮಾತು ಬಿಡಬಹುದು, ದಾಯಾದಿ ಸೂತಕ ಬಿಡಲು ಬರುತ್ತದಾ?

ದೊಡ್ಡಪ್ಪನ ಮಗ ಈಗ ತೋಟ ನೋಡಿಕೊಳ್ಳುತ್ತಾನೆ. ಔಷಧಿ ಹೊಡೆಯುವ ದಿನವನ್ನು ಇಬ್ಬರೂ ಫೋನಿನಲ್ಲೇ ಗೊತ್ತು ಮಾಡಿಕೊಳ್ಳುತ್ತೇವೆ. ಮೊನ್ನೆ ಬಂದು, "ನಾವಿದ್ದಾಗಲೇ ಮಕ್ಕಳಿಗೆ ಪಾಲು ಮಾಡಿಬಿಡ್ತೀನಿ, ನಕ್ಷೆ ನೀನೇ ಮಾಡು" ಅಂದ. ದಾಯಾದಿಯ ಜಮೀನು ನಾನು ಅಳೆಯುವುದು ಸರಿಯಲ್ಲ, ಬೇರೆಯವರಿಗೆ ಹೇಳಿದೆ. ಮದುವೆಯಾದ ಮಗಳಿಗೂ ಮಗನಷ್ಟೇ ಹಾಕಿದ್ದಾನೆ. ಬಸಿಗಾಲುವೆ ಯಾರ ಪಾಲಿಗೆ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ.