ತನ್ನ ಹಡಗುಗಳನ್ನು ತಾನೇ ಮುಳುಗಿಸಿದ ನೌಕಾಧಿಪತಿ

ಕಾರವಾರದವರಿಗೆ ಯುದ್ಧನೌಕೆ ಅಪರೂಪದ ವಸ್ತುವಲ್ಲ. ಅರ್ಗಾದಲ್ಲಿ ಕದಂಬ ನೌಕಾನೆಲೆಯಿದೆ. ಟ್ಯಾಗೋರ್ ಕಡಲತೀರದಲ್ಲಿ ದಡಕ್ಕೇರಿಸಿ ನಿಲ್ಲಿಸಿದ ಚಾಪೆಲ್ ನೌಕೆಯನ್ನು ಹತ್ತಿಳಿಯದ ಮಕ್ಕಳು ಈ ಊರಿನಲ್ಲಿ ಕಡಿಮೆ. ಕಳೆದ ಕೆಲವು ತಿಂಗಳಿಂದ ನಾನು ಡೆನ್ಮಾರ್ಕಿನ ನೌಕಾಪಡೆಯ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಓಗೆ ಹೆಲ್ಗೆಸೆನ್ ವೇಡೆಲ್ ಅವರ ಬಗ್ಗೆ ಓದುತ್ತಿದ್ದೇನೆ. ಹಡಗು ಕಾಯುವುದೇ ವೃತ್ತಿಯಾಗಿದ್ದ ಈ ಮನುಷ್ಯರ ಹೆಸರು ಇಂದಿಗೂ ಉಳಿದಿರುವುದು ಹಡಗು ಮುಳುಗಿಸಿದ ಕಾರಣಕ್ಕೆ. ಅದನ್ನು ಓದಿದ ಮೇಲೆ ಚಾಪೆಲ್ ನೌಕೆಯ ಕಿರಿದಾದ ಏಣಿಯನ್ನು ಇಳಿಯುವಾಗ ನನ್ನ ಕೈ ಅದರ ಕಂಬಿಯ ಮೇಲೆ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ.

ವೇಡೆಲ್ ಹುಟ್ಟಿದ್ದು 1894ರಲ್ಲಿ. ಡೆನ್ಮಾರ್ಕ್ ಸಣ್ಣ ದೇಶವಾದರೂ ಅದರ ನೌಕಾಪಡೆಯ ನೆನಪು ದೊಡ್ಡದು, ಮತ್ತು ಆ ನೆನಪಿನಲ್ಲಿ ಒಂದು ಆಳವಾದ ಗಾಯವೂ ಇದೆ. 1807ರಲ್ಲಿ ಬ್ರಿಟಿಷರು ಕೋಪನ್‌ಹೇಗನ್ ನಗರದ ಮೇಲೆ ಗುಂಡಿನ ಮಳೆಗರೆದು ಇಡೀ ಡೇನಿಷ್ ನೌಕಾಬಲವನ್ನೇ ತಮ್ಮ ದೇಶಕ್ಕೆ ಎಳೆದೊಯ್ದರು. ಅಂಥ ಪಡೆಯೊಳಗೆ ಬೆಳೆದ ಅಧಿಕಾರಿಗೆ ಶತ್ರು ತನ್ನ ಹಡಗನ್ನು ಹತ್ತುವುದೆಂದರೆ ಏನೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಡೆನ್ಮಾರ್ಕನ್ನು ಆಕ್ರಮಿಸಿದಾಗ ಆ ನೌಕಾಪಡೆ ಒಂದು ಗುಂಡನ್ನೂ ಹಾರಿಸಲಿಲ್ಲ. ಜರ್ಮನ್ ಸೈನಿಕರನ್ನು ತುಂಬಿಕೊಂಡ ಹಡಗು ಕೋಟೆಯ ಫಿರಂಗಿಗಳ ಎದುರಿನಲ್ಲೇ ಸಾಗಿ ರಾಜಧಾನಿಯ ಬಂದರಿಗೆ ಬಂದು ನಿಂತಿತು. ಆಗಿನ ಮುಖ್ಯಸ್ಥರಾಗಿದ್ದ ರೆಕ್ನಿಟ್ಜರ್ ತೀವ್ರ ಟೀಕೆಗೆ ಗುರಿಯಾಗಿ ಹುದ್ದೆ ಬಿಟ್ಟರು. ಸರ್ಕಾರ ಮಾತ್ರ ಜರ್ಮನರೊಡನೆ ಹೊಂದಿಕೊಂಡು ಮುಂದುವರಿಯಿತು. 1941ರ ಆರಂಭದಲ್ಲಿ ಅವರ ಒತ್ತಾಯಕ್ಕೆ ಮಣಿದು ಆರು ಟಾರ್ಪಿಡೊ ದೋಣಿಗಳನ್ನು ಒಪ್ಪಿಸಬೇಕಾಯಿತು. ವೇಡೆಲ್ ನೌಕಾಪಡೆಯ ಮುಖ್ಯಸ್ಥರಾದದ್ದು ಅದೇ ವರ್ಷ. ಹಡಗುಗಳಿದ್ದವು, ನಾವಿಕರಿದ್ದರು, ಧ್ವಜವೂ ಹಾರುತ್ತಿತ್ತು. ಆದರೆ ದೇಶ ಪರರ ಕೈಯಲ್ಲಿತ್ತು. ಇಂಥ ಹುದ್ದೆಯನ್ನು ಒಪ್ಪಿಕೊಂಡವರನ್ನು ಹೇಡಿಗಳೆಂದು ಕರೆಯುವುದು ಸುಲಭ, ಮತ್ತು ನಾನೂ ಮೊದಲ ಓದಿನಲ್ಲಿ ಹಾಗೆಯೇ ಎಣಿಸಿದ್ದೆ.

1943ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ಊರೂರುಗಳಲ್ಲಿ ಮುಷ್ಕರ, ಗಲಭೆ, ವಿಧ್ವಂಸಕ ಕೃತ್ಯಗಳು ಹೆಚ್ಚಿದವು. ಡೇನಿಷ್ ಸರ್ಕಾರವೇ ತುರ್ತುಪರಿಸ್ಥಿತಿಯನ್ನು ಹೇರಬೇಕು, ವಿಧ್ವಂಸಕರಿಗೆ ಮರಣದಂಡನೆ ವಿಧಿಸಬೇಕು ಎಂದು ಆಗಸ್ಟ್ 28ರಂದು ಜರ್ಮನರು ಅಂತಿಮ ಎಚ್ಚರಿಕೆ ಕೊಟ್ಟರು, ಸರ್ಕಾರ ಒಪ್ಪಲಿಲ್ಲ. ಮರುದಿನ ನಸುಕಿನ ನಾಲ್ಕು ಗಂಟೆಯ ಹೊತ್ತಿಗೆ ಜರ್ಮನ್ ಜನರಲ್ ಫಾನ್ ಹಾನೆಕನ್ ಅವರ ಪಡೆಗಳು ಸೇನಾ ಠಾಣೆಗಳ ಮೇಲೂ ಕೋಪನ್‌ಹೇಗನ್ನಿನ ಹೋಲ್ಮೆನ್ ನೌಕಾನೆಲೆಯ ಮೇಲೂ ಎರಗಿದವು. ಆಗ ಹಡಗುಗಳಿಗೆ ಕೆ, ಎನ್, ಯು ಎಂಬ ಮೂರೇ ಅಕ್ಷರಗಳ ಸಂಕೇತ ಹೋಯಿತು. ಸಾಧ್ಯವಿದ್ದವರು ಸ್ವೀಡನ್ನಿಗೆ ಪಾರಾಗಬೇಕು, ಸಾಧ್ಯವಿಲ್ಲದವರು ಹಡಗನ್ನು ಮುಳುಗಿಸಬೇಕು ಎಂಬುದು ಅದರ ಅರ್ಥ. ಜರ್ಮನ್ ಸೈನಿಕರು ಗೇಟುಗಳನ್ನು ದಾಟಿ ಧಕ್ಕೆಯತ್ತ ಓಡಿಬರುವಷ್ಟರಲ್ಲಿ ಹೋಲ್ಮೆನ್‌ನಲ್ಲಿ ಒಂದರ ಹಿಂದೊಂದು ಸ್ಫೋಟಗಳಾದವು. ಹಳೆಯ ರಕ್ಷಣಾ ನೌಕೆ ಪೇಡರ್ ಸ್ಕ್ರಾಮ್, ಜಲಾಂತರ್ಗಾಮಿಗಳು, ಕಡಲ ಸಿಡಿಗುಂಡುಗಳನ್ನು (ಮೈನ್) ತೆಗೆಯುವ ನೌಕೆಗಳು ಕಟ್ಟಿದ ಜಾಗದಲ್ಲೇ ತಳಕ್ಕಿಳಿದವು. ದೊಡ್ಡ ನೌಕೆ ನೀಲ್ಸ್ ಯೂಲ್ ಇಸೆಫ್ಯೋರ್ಡ್ ಖಾರಿಯಿಂದ ಹೊರಬೀಳಲು ಯತ್ನಿಸಿತು. ಜರ್ಮನ್ ವಿಮಾನಗಳ ದಾಳಿಗೆ ಸಿಕ್ಕಿ ಕೊನೆಗೆ ಆಳವಿಲ್ಲದ ನೀರಿಗೆ ನುಗ್ಗಿ ನೆಲ ಕಚ್ಚಿತು. ಅಂದು ಡೇನಿಷ್ ನೌಕಾಪಡೆಯಲ್ಲಿದ್ದ 52 ನೌಕೆಗಳಲ್ಲಿ ಎರಡು ಗ್ರೀನ್‌ಲ್ಯಾಂಡಿನಲ್ಲಿದ್ದವು, 32 ಮುಳುಗಿದವು, ನಾಲ್ಕು ಸ್ವೀಡನ್ ಸೇರಿದವು, 14 ಮಾತ್ರ ಜರ್ಮನರ ಕೈಗೆ ಇಡಿಯಾಗಿ ಸಿಕ್ಕವು. ಮುಳುಗಿದವುಗಳಲ್ಲಿ ಕೆಲವನ್ನು ಜರ್ಮನರು ಮೇಲೆತ್ತಿ ಬಳಸಿದರೆಂಬುದೂ ನಿಜ. ಪೇಡರ್ ಸ್ಕ್ರಾಮ್ ಮತ್ತು ನೀಲ್ಸ್ ಯೂಲ್ ಎರಡಕ್ಕೂ ಅವರು ಜರ್ಮನ್ ಹೆಸರಿಟ್ಟರು. ಅದರಿಂದ ಆ ಬೆಳಗಿನ ಬೆಲೆ ತಗ್ಗುತ್ತದೆಂದು ನನಗೆ ತೋರುವುದಿಲ್ಲ.

ಇದನ್ನು ನಾನು ಕಳೆದ ಜೂನ್ ತಿಂಗಳಲ್ಲಿ, ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ, ಬೈತಕೋಲದ ಬಂದರಿನಲ್ಲಿ ದೋಣಿ ನಡೆಸುವ ಹಿರಿಯ ತಾಂಡೇಲರೊಬ್ಬರಿಗೆ ಹೇಳಿದೆ. ನಮ್ಮ ಕೇರಿಯ ಹುಡುಗರೆಲ್ಲ ಅವರನ್ನು ಮಾವ ಎಂದೇ ಕರೆಯುವುದು. ಅವರು ತಾಡಪತ್ರೆಯ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಹಳೆಯ ದೋಣಿಯ ಹಲಗೆಗಳ ಸಂದಿಗೆ ಹತ್ತಿಯ ನೂಲನ್ನು ಉಳಿಯಿಂದ ತುರುಕುತ್ತಿದ್ದರು. ಒಂದು ಹನಿ ನೀರೂ ಒಳಗೆ ಬರಬಾರದೆಂದು ಪ್ರತಿ ಸಂದಿಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ಕತೆ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಉಳಿಯನ್ನು ಕೆಳಗಿಟ್ಟು, “ಅವರು ಮೊದಲೇ ಹೇಳಿ ಇಟ್ಟಿರಬೇಕು ತಮ್ಮಾ. ಆ ಹೊತ್ತಿಗೆ ಹೇಳಿದರೆ ಯಾರ ಕೈಯೂ ಏಳೂದಿಲ್ಲ” ಎಂದರು.

ಅವರು ಹೇಳಿದ್ದೇ ಸರಿ, ಮತ್ತು ನಾನು ಪುಟಗಟ್ಟಲೆ ಓದಿಯೂ ಸರಿಯಾಗಿ ಹಿಡಿಯದಿದ್ದ ಸಂಗತಿ ಅದೇ. ತನ್ನ ಹಡಗಿನ ಹೊಟ್ಟೆಗೆ ತಾನೇ ಸಿಡಿಮದ್ದು ಇಡುವ ಕೆಲಸಕ್ಕೆ ನಾವಿಕನ ಕೈ ತಾನಾಗಿ ಹೋಗುವುದಿಲ್ಲ. ವೇಡೆಲ್ ತಮ್ಮ ಕಮಾಂಡರುಗಳಿಗೆ ಗುಟ್ಟಾಗಿ ಮುಂಚಿತವಾಗಿಯೇ ಸೂಚನೆ ಕೊಟ್ಟಿದ್ದರು; ಸಿದ್ಧತೆ ಆಗಿತ್ತು, ಕಾಯುತ್ತಿದ್ದದ್ದು ಮೂರು ಅಕ್ಷರಗಳಿಗೆ ಮಾತ್ರ. ಹೊರಗೆ ಹೊಂದಿಕೊಂಡಂತೆ ಕಾಣುತ್ತ, ಸಭೆಗಳಲ್ಲಿ ಜರ್ಮನ್ ಅಧಿಕಾರಿಗಳ ಎದುರು ಕೂರುತ್ತ, ಒಳಗೆ ಇಂಥ ಆಜ್ಞೆಯನ್ನು ಹೊತ್ತುಕೊಂಡಿರುವುದಕ್ಕೆ ಬೇಕಾಗುವ ಧೈರ್ಯ ಫಿರಂಗಿಯ ಮುಂದೆ ನಿಲ್ಲುವ ಧೈರ್ಯಕ್ಕಿಂತ ಕಡಿಮೆಯದಲ್ಲ. ಹೇಡಿತನವೆಂದು ನಾನು ಎಣಿಸಿದ್ದನ್ನು ಹಿಂತೆಗೆದುಕೊಂಡೆ.

ಮುಂದೆ ಸ್ವೀಡನ್ನಿನಲ್ಲಿ ಡೇನಿಷ್ ನಾವಿಕರ ಒಂದು ಸಣ್ಣ ನೌಕಾದಳ ರೂಪುಗೊಂಡಿತು, 1945ರ ಮೇ ತಿಂಗಳಲ್ಲಿ ತಾಯ್ನಾಡಿಗೆ ಮರಳಿತು. ವೇಡೆಲ್ 1958ರವರೆಗೂ ಮುಖ್ಯಸ್ಥರಾಗಿಯೇ ಉಳಿದರು. ಕಡಲಿನಲ್ಲಿ ತುಂಬಿದ್ದ ಸಿಡಿಗುಂಡುಗಳನ್ನು ತೆಗೆಯುವುದು, ಹರಿದು ಹೋದ ಪಡೆಯನ್ನು ಮತ್ತೆ ಕಟ್ಟುವುದು, 1949ರಲ್ಲಿ ದೇಶ ನ್ಯಾಟೋ ಸೇರಿದ ಮೇಲೆ ಅದಕ್ಕೆ ತಕ್ಕಂತೆ ಅದನ್ನು ಸಜ್ಜುಗೊಳಿಸುವುದು, ಇವೆಲ್ಲ ಅವರ ಕಾಲದಲ್ಲೇ ನಡೆದವು. ತೀರಿಕೊಂಡದ್ದು 1981ರಲ್ಲಿ.

ಅವರ ಅಧಿಕಾರಾವಧಿಯ ಇನ್ನೊಂದು ಕೆಲಸವನ್ನು ನಾನು ಮಾವನಿಗೆ ಬೇರೆ ದಿನ ಹೇಳಿದೆ. 1950ರಿಂದ 1952ರವರೆಗೆ ಡೇನಿಷ್ ನೌಕಾಪಡೆಯ ಗಲಾಥಿಯಾ ಹಡಗು ವಿಜ್ಞಾನಿಗಳನ್ನು ಹೊತ್ತು ಭೂಮಿಯನ್ನು ಸುತ್ತಿತು. 1951ರಲ್ಲಿ ಫಿಲಿಪೀನ್ಸ್ ಬಳಿಯ ಕಂದಕದಲ್ಲಿ 10,000 ಮೀಟರಿಗೂ ಹೆಚ್ಚಿನ ಆಳಕ್ಕೆ ಬಲೆ ಇಳಿಸಿ, ಅಷ್ಟು ಕೆಳಗೆ ಬದುಕಿದ್ದ ಜೀವಿಗಳನ್ನು ಮೇಲೆತ್ತಿತು. ಎಂಟು ವರ್ಷಗಳ ಹಿಂದೆ ತನ್ನ ಹಡಗುಗಳನ್ನೇ ತಳಕ್ಕೆ ಕಳುಹಿಸಿದ ಪಡೆ ಅದು. ಮಾವ ಲೆಕ್ಕ ಹಾಕಿ, “ಹತ್ತು ಕಿಲೋಮೀಟರು ಆಳ ಅಂದರೆ ಹಗ್ಗ ಅದಕ್ಕೂ ಉದ್ದ ಬೇಕು, ಇಲ್ಲಿಂದ ಅಮದಳ್ಳಿ ದಾಟೂಹಂಗೆ” ಎಂದರು. ಆಮೇಲೆ ಆ ಬಲೆಯನ್ನು ಎಳೆಯುವಾಗ ಹಡಗು ಯಾವ ದಿಕ್ಕಿಗೆ ಮುಖ ಮಾಡಿತ್ತು, ನೀರಿನ ಸೆಳೆತ ಹೇಗಿತ್ತು ಎಂದು ಕೇಳತೊಡಗಿದರು. ನನ್ನಲ್ಲಿ ಉತ್ತರವಿರಲಿಲ್ಲ, ಅವರು ಮರಳಿನ ಮೇಲೆ ಕಡ್ಡಿಯಿಂದ ಗೆರೆ ಎಳೆದು, ತಾವಾಗಿದ್ದರೆ ಹೇಗೆ ಇಳಿಸುತ್ತಿದ್ದರೆಂದು ತೋರಿಸಿದರು.