ತಲೆ ಆಡಿಸಿದರೆ ಅರ್ಥ ಆಯ್ತು ಅಂತಲ್ಲ

ಹಿರಿಯರಿಗಾಗಿ ನಡೆಯುವ ಕಲಿಕಾ ತರಗತಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಫೋನ್ ಬಳಕೆ, ಇತಿಹಾಸ, ಚಿತ್ರ ಬಿಡಿಸುವುದು, ಫೋಟೊಗ್ರಫಿ, ಹೀಗೆ ವಾರಕ್ಕೆ ನಾಲ್ಕೈದು ತರಗತಿಗಳು. ಬರುವವರಲ್ಲಿ ಹೆಚ್ಚಿನವರು 60 ದಾಟಿದವರು. ಕೆಲವರಿಗೆ 80 ಆಗಿದೆ. ಫೋನ್ ತರಗತಿಯನ್ನು ನಾನೇ ತೆಗೆದುಕೊಳ್ಳುತ್ತೇನೆ.

ಮೊದಲ ಬ್ಯಾಚಿಗೆ 22 ಜನ ಸೇರಿದ್ದರು. ಆರನೇ ವಾರದ ಹೊತ್ತಿಗೆ 13 ಜನ ಉಳಿದಿದ್ದರು. ಬಿಟ್ಟವರಿಗೆಲ್ಲ ಫೋನ್ ಮಾಡಿದೆ. ಮನೆಯಲ್ಲಿ ಕೆಲಸ, ಮೊಣಕಾಲು ನೋವು, ಊರಿಗೆ ಹೋಗಿದ್ದೆ, ಇಂಥ ಉತ್ತರಗಳೇ ಬಂದವು. ನಾನೂ ನಂಬಿದೆ. ಆಸಕ್ತಿ ಇಲ್ಲದವರು ಬಿಟ್ಟಿದ್ದಾರೆ ಅಂತ ರಿಜಿಸ್ಟರಿನಲ್ಲಿ ಬರೆದೂ ಇಟ್ಟೆ.

ಒಬ್ಬರು ಮಾತ್ರ ನಿಜ ಹೇಳಿದರು. ಮೊದಲು ಅವರೂ "ಕೆಲಸ ಇತ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ, "ನೀವು ಹೇಳೋದು ನನಗೆ ಅರ್ಧ ಕೇಳಿಸೋದೇ ಇಲ್ಲ. ಎಲ್ಲರೂ ತಲೆ ಆಡಿಸ್ತಾರೆ, ನಾನೂ ಆಡಿಸ್ತೀನಿ. ಮನೆಗೆ ಬಂದು ನೋಡಿದರೆ ಏನೂ ಗೊತ್ತಿರಲ್ಲ" ಅಂದರು.

ಐದು ವಾರ ಅವರು ನನ್ನ ಎದುರಿಗೇ ಕೂತಿದ್ದರು. ಪ್ರತಿ ಸಲ "ಅರ್ಥ ಆಯ್ತಾ?" ಅಂತ ಕೇಳಿದಾಗ ತಲೆ ಆಡಿಸಿದ್ದರು. ಆ ತಲೆ ಆಡಿಸುವಿಕೆಯನ್ನು ನೋಡಿಯೇ ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ಕಿವಿಯ ಬಗ್ಗೆ ಓದಲು ಶುರು ಮಾಡಿದೆ. ವಯಸ್ಸಾದಂತೆ ಮೊದಲು ಮಂಕಾಗುವುದು ಕೀಚಲು ದನಿಯನ್ನು ಹಿಡಿಯುವ ಶಕ್ತಿ. ಮಾತಿನಲ್ಲಿ ಸ್ವರಗಳು ದಪ್ಪ ದನಿಯವು, ಅವು ಕೇಳಿಸುತ್ತವೆ. ಸ, ಶ, ತ, ಪ, ಕ ಇಂಥ ವ್ಯಂಜನಗಳ ತೆಳ್ಳಗಿನ ಸದ್ದು ತಪ್ಪಿಹೋಗುತ್ತದೆ. ಅದಕ್ಕೇ ಹಿರಿಯರು "ಮಾತಾಡೋದು ಕೇಳಿಸುತ್ತೆ, ಏನು ಅಂತ ತಿಳಿಯಲ್ಲ" ಅನ್ನುವುದು. ಅದು ಅಕ್ಷರಶಃ ನಿಜ. ನನ್ನ ತರಗತಿಯಲ್ಲಿ ಒಬ್ಬರಿಗೆ "ಇಲ್ಲಿ ಒತ್ತಿ" ಅಂದದ್ದು "ಇಲ್ಲಿ ಒಪ್ಪಿ" ಅಂತ ಕೇಳಿಸಿ, ಅವರು ಪರದೆಯ ತುಂಬ ಒಪ್ಪಿಗೆಯ ಬಟನ್ ಹುಡುಕುತ್ತಿದ್ದರು. ಅವರಿಗೆ ಗಮನ ಕಡಿಮೆ ಅಂತ ನಾನು ತಿಳಿದುಕೊಂಡಿದ್ದೆ.

ಜೋರಾಗಿ ಕೂಗಿದರೆ ಸರಿಹೋಗುತ್ತಾ? ಇಲ್ಲ. ಕೂಗಿದಾಗ ಸ್ವರಗಳೇ ದೊಡ್ಡದಾಗುತ್ತವೆ, ವ್ಯಂಜನಗಳು ಇನ್ನಷ್ಟು ಮುಳುಗುತ್ತವೆ. ಜೊತೆಗೆ ಬೈಸಿಕೊಂಡ ಹಾಗೆ ಅನ್ನಿಸುತ್ತದೆ. ಕೆಲಸಕ್ಕೆ ಬಂದ ಸಂಗತಿಗಳು ತೀರಾ ಸಣ್ಣವು. ಬೋರ್ಡಿನ ಕಡೆ ಮುಖ ಮಾಡಿ ಮಾತಾಡುವುದನ್ನು ಬಿಟ್ಟೆ, ಯಾಕೆಂದರೆ ಅನೇಕರು ತುಟಿ ನೋಡಿ ಮಾತು ಹಿಡಿಯುತ್ತಾರೆ. ಕಿಟಕಿಗೆ ಬೆನ್ನು ಹಾಕಿ ನಿಲ್ಲುವುದನ್ನೂ ಬಿಟ್ಟೆ. ಬೆಳಕು ಹಿಂದಿನಿಂದ ಬಂದರೆ ನನ್ನ ಮುಖ ಕಪ್ಪು ನೆರಳಾಗಿ ಕಾಣುತ್ತದೆ, ಅಲ್ವಾ? ಫ್ಯಾನಿನ ವೇಗ ಇಳಿಸಿದೆ. ಒಂದು ಮಾತು ಕೇಳಿಸದಿದ್ದರೆ ಅದನ್ನೇ ಮತ್ತೆ ಹೇಳುವ ಬದಲು ಬೇರೆ ಪದ ಬಳಸಿದೆ. "ಒತ್ತಿ" ತಪ್ಪಿದರೆ "ಬೆರಳು ಇಡಿ". ಸಣ್ಣ ಕೋಣೆಯಾದರೂ ಮೈಕ್ ಇಟ್ಟುಕೊಂಡೆ. "ನನ್ನ ದನಿ ದೊಡ್ಡದು, ಮೈಕ್ ಬೇಡ" ಅನ್ನುವ ಅತಿಥಿ ಉಪನ್ಯಾಸಕರಿಗೂ ಈಗ ಪ್ರೀತಿಯಿಂದಲೇ ಕೈಗೆ ಕೊಡುತ್ತೇನೆ.

ಕಣ್ಣಿನ ಕಥೆಯೂ ಇದೇ ಥರ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ. 60ರ ಹೊತ್ತಿಗೆ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರಲ್ಲಿ ತಲುಪುತ್ತಿದ್ದುದರ ಸುಮಾರು ಮೂರನೇ ಒಂದು ಭಾಗ. ನನಗೆ ಸಾಕಷ್ಟು ಬೆಳಕಿದೆ ಅನ್ನಿಸುವ ಕೋಣೆ ಅವರಿಗೆ ಮುಸ್ಸಂಜೆ. ಹಳದಿ ಮಸೂರದಿಂದಾಗಿ ನೀಲಿ ಮತ್ತು ಹಸಿರು ಒಂದರೊಳಗೊಂದು ಬೆರೆಯುತ್ತವೆ. ನಾನೋ, ಮುಖ್ಯ ಮಾತು ನೀಲಿಯಲ್ಲಿ, ಉದಾಹರಣೆ ಹಸಿರಿನಲ್ಲಿ ಅಂತ ಬೋರ್ಡಿನಲ್ಲಿ ಚೆಂದವಾಗಿ ಬರೆಯುತ್ತಿದ್ದೆ. ಈಗ ಬರೀ ಕಪ್ಪು, ದಪ್ಪ ಅಕ್ಷರ.

ಬೆರಳುಗಳ ವಿಷಯ ಹೇಳಲೇಬೇಕು. ಫೋನಿನ ಪರದೆ ಕೆಲಸ ಮಾಡುವುದು ಒತ್ತಡದಿಂದಲ್ಲ. ಬೆರಳು ತಾಗಿದಾಗ ಪರದೆಯ ವಿದ್ಯುತ್ ಕ್ಷೇತ್ರದಲ್ಲಿ ಆಗುವ ಸಣ್ಣ ಬದಲಾವಣೆಯನ್ನು ಅದು ಗುರುತಿಸುತ್ತದೆ. ಚರ್ಮದಲ್ಲಿ ತೇವ ಇದ್ದರೆ ಅದು ಸುಲಭ. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ. ಮುಟ್ಟಿದರೂ ಫೋನಿಗೆ ಒಮ್ಮೊಮ್ಮೆ ತಿಳಿಯುವುದಿಲ್ಲ. ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಜಾಸ್ತಿ ಹೊತ್ತು ಒತ್ತುತ್ತಾರೆ. ಆಗ ಫೋನ್ ಅದನ್ನು ದೀರ್ಘ ಒತ್ತು ಅಂದುಕೊಂಡು ಬೇರೆ ಏನನ್ನೋ ತೆರೆಯುತ್ತದೆ. ಐಕಾನ್ ಅಲುಗಾಡತೊಡಗುತ್ತದೆ, ಅಳಿಸಬೇಕಾ ಅಂತ ಕೇಳುತ್ತದೆ. ಹೆದರಿಕೆ ಆಗದೇ ಇರುತ್ತಾ? "ಹಿರಿಯರಿಗೆ ತಂತ್ರಜ್ಞಾನದ ಭಯ" ಅಂತ ಎಷ್ಟೋ ಕಡೆ ಕೇಳಿದ್ದೇನೆ. ಆ ಭಯದ ಒಂದು ಪಾಲು ಒಣ ಬೆರಳಿನಿಂದ ಹುಟ್ಟಿದ್ದು. ಈಗ ಮೊದಲ ತರಗತಿಯಲ್ಲೇ ಮೇಜಿನ ಮೇಲೆ ಒದ್ದೆ ಬಟ್ಟೆ ಇಡುತ್ತೇವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ದೀರ್ಘ ಒತ್ತಿನ ಸಮಯವನ್ನು ಹೆಚ್ಚಿಸುತ್ತೇವೆ, ಅಕ್ಷರ ದೊಡ್ಡದು ಮಾಡುತ್ತೇವೆ. ಆ ಒಂದು ತರಗತಿ ಪೂರ್ತಿ ಅದಕ್ಕೇ ಹೋದರೂ ಪರವಾಗಿಲ್ಲ.

ಇನ್ನೊಂದು ಅಭ್ಯಾಸ ಬಿಡಲು ನನಗೆ ತಿಂಗಳುಗಳೇ ಬೇಕಾದವು. ಯಾರಾದರೂ ತಡಕಾಡಿದರೆ "ಕೊಡಿ ಇಲ್ಲಿ" ಅಂತ ಫೋನ್ ತೆಗೆದುಕೊಂಡು ಎರಡು ಸೆಕೆಂಡಿನಲ್ಲಿ ಮಾಡಿ ಕೊಡುತ್ತಿದ್ದೆ. ಮನೆಯಲ್ಲಿ ಮಕ್ಕಳು, ಮೊಮ್ಮಕ್ಕಳು ಮಾಡುವುದೂ ಅದನ್ನೇ. ಅದರಿಂದ ಬೇಸತ್ತೇ ಅವರು ತರಗತಿಗೆ ಬಂದಿರುತ್ತಾರೆ. ಈಗ ನನ್ನ ಕೈಗಳು ಬೆನ್ನ ಹಿಂದೆ. ಫೋನ್ ಯಾರದೋ ಬೆರಳೂ ಅವರದೇ. ಸಮಯ ಹಿಡಿಯುತ್ತದೆ, ಹಿಡಿಯಲಿ.

"ಅರ್ಥ ಆಯ್ತಾ?" ಅನ್ನುವ ಪ್ರಶ್ನೆಯನ್ನಂತೂ ಪೂರ್ತಿ ಕೈಬಿಟ್ಟೆ. ಅದಕ್ಕೆ ಒಂದೇ ಮರ್ಯಾದೆಯ ಉತ್ತರ ಇದೆ, ಹೌದು. ಜೀವನವಿಡೀ ಮನೆ ನಡೆಸಿದವರು, ಕಚೇರಿ ನಡೆಸಿದವರು ಹತ್ತು ಜನರ ಮುಂದೆ ಇಲ್ಲ ಅನ್ನಲು ಹಿಂಜರಿಯುತ್ತಾರೆ. ಬೇರೆಯವರ ಸಮಯ ಹಾಳಾಗುತ್ತದೆ ಅನ್ನುವ ಸಂಕೋಚ ಬೇರೆ. ಅದರ ಬದಲು "ಪಕ್ಕದವರಿಗೆ ಒಂದು ಸಲ ಮಾಡಿ ತೋರಿಸಿ" ಅನ್ನುತ್ತೇನೆ. ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎರಡೂ ಅಲ್ಲೇ ಬಯಲಾಗುತ್ತದೆ, ಯಾರಿಗೂ ಅವಮಾನ ಇಲ್ಲದೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಹಿರಿಯರ ವಿಶ್ವವಿದ್ಯಾಲಯ ಅನ್ನುವ ಕಲ್ಪನೆ 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಪಿಯೆರ್ ವೆಲ್ಲಾಸ್ ಅವರಿಂದ ಶುರುವಾಯಿತು. 'ಯೂನಿವರ್ಸಿಟಿ ಆಫ್ ದಿ ಥರ್ಡ್ ಏಜ್' ಅಂತ ಅದರ ಹೆಸರು. ಅಲ್ಲಿ ಪಾಠ ಮಾಡುತ್ತಿದ್ದವರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 1980ರ ದಶಕದ ಆರಂಭದಲ್ಲಿ ಅದು ಬ್ರಿಟನ್ನಿಗೆ ಬಂದಾಗ ಪೀಟರ್ ಲ್ಯಾಸ್ಲೆಟ್, ಮೈಕಲ್ ಯಂಗ್, ಎರಿಕ್ ಮಿಡ್‌ವಿಂಟರ್ ಮೊದಲಾದವರು ದಾರಿ ಬದಲಿಸಿದರು. ಅಲ್ಲಿ ಕಲಿಯುವವರೇ ಕಲಿಸುವವರು. ಗೊತ್ತಿರುವವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ, ಪರೀಕ್ಷೆ ಇಲ್ಲ, ಪದವಿ ಇಲ್ಲ. ಎರಡನ್ನೂ ಓದಿದ ಮೇಲೆ ನನ್ನ ಮನಸ್ಸು ಎರಡನೆಯದರ ಕಡೆ ವಾಲಿತು. ನನ್ನ ತರಗತಿಯಲ್ಲೇ ಲೆಕ್ಕಪತ್ರ ಬಲ್ಲವರು, ಹೊಲಿಗೆ ಬಲ್ಲವರು, ಯಂತ್ರ ಬಿಚ್ಚಿ ಜೋಡಿಸಬಲ್ಲವರು ಇದ್ದರು. ಅವರನ್ನು ಬರೀ ಕೂತು ಕೇಳುವವರನ್ನಾಗಿ ಮಾಡಿದ್ದು ನಾನು. ಈಗ ತಿಂಗಳ ಕೊನೆಯ ತರಗತಿ ಅವರದು.

ಪಾಠವನ್ನು ಸುಲಭ ಮಾಡುವುದರಲ್ಲೂ ಎಡವಿದ್ದೆ. ವಯಸ್ಸಾದವರು ಅಂತ ಎಲ್ಲವನ್ನೂ ಮಕ್ಕಳ ಪಾಠದಷ್ಟು ತೆಳ್ಳಗೆ ಮಾಡಿದ್ದೆ. ವಯಸ್ಸಿನ ಜೊತೆ ಕಡಿಮೆಯಾಗುವುದು ಮುಖ್ಯವಾಗಿ ವೇಗ. ಪದಸಂಪತ್ತು, ಲೋಕಜ್ಞಾನ ಬಹಳ ಕಾಲ ಗಟ್ಟಿಯಾಗಿ ಉಳಿಯುತ್ತವೆ. ಅಮೆರಿಕದ ಮನೋವಿಜ್ಞಾನಿ ಡೆನಿಸ್ ಪಾರ್ಕ್ ಅವರ ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 60 ದಾಟಿದವರು 14 ವಾರ, ವಾರಕ್ಕೆ ಸುಮಾರು 15 ಗಂಟೆ ಡಿಜಿಟಲ್ ಫೋಟೊಗ್ರಫಿಯನ್ನೋ ಕೌದಿ ಹೊಲಿಯುವುದನ್ನೋ ಹೊಸದಾಗಿ ಕಲಿತರು. ಅವರ ನೆನಪಿನ ಶಕ್ತಿ ಸುಧಾರಿಸಿತು. ಸುಮ್ನೆ ಸೇರಿ ಹರಟಿ ಹೋದ ಗುಂಪಿನಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಕಷ್ಟದ ಪಾಠ ಅವರಿಗೆ ಬೇಕು. ಅದು ಕೇಳಿಸಬೇಕು, ಕಾಣಿಸಬೇಕು, ಸಮಯ ಸಿಗಬೇಕು, ಅಷ್ಟೆ. "ನಾನು ಕಳಿಸಿದ ಫೋಟೊ ಅವರ ಫೋನಿಗೆ ಹೇಗೆ ಹೋಗುತ್ತೆ?" ಅಂತ ಒಬ್ಬರು ಕೇಳಿದಾಗ ಮೊದಲೆಲ್ಲ "ಅದು ಬೇಡ ಬಿಡಿ, ಈ ಬಟನ್ ಒತ್ತಿ" ಅನ್ನುತ್ತಿದ್ದೆ. ಈಗ ಅರ್ಧ ಗಂಟೆ ಅದನ್ನೇ ಮಾತಾಡುತ್ತೇವೆ. ಯಾಕೆ ಅನ್ನುವುದು ತಿಳಿದರೆ ಹೇಗೆ ಅನ್ನುವುದು ಅವರಲ್ಲಿ ಹೆಚ್ಚು ದಿನ ನಿಲ್ಲುತ್ತದೆ.

ಹಾಗಂತ ಎಲ್ಲ ಸರಿಹೋಗಿಲ್ಲ. ಸಂಜೆಯ ತರಗತಿಗೆ ಜನ ಕಡಿಮೆ. ಕತ್ತಲಲ್ಲಿ ಒಬ್ಬರೇ ಮನೆಗೆ ನಡೆಯಬೇಕು ಅನ್ನುವ ಅಳುಕು ಅಂತ ಹೋದ ತಿಂಗಳಷ್ಟೇ ತಿಳಿಯಿತು. ಅದೂ ಕೇಳಿದ್ದಕ್ಕೆ ಸಿಕ್ಕ ಉತ್ತರವಲ್ಲ. ಬಾಗಿಲಲ್ಲಿ ಇಬ್ಬರು ಒಬ್ಬರಿಗೊಬ್ಬರು ಕಾಯುತ್ತಾ ನಿಂತದ್ದನ್ನು ನೋಡಿ ಗೊತ್ತಾದದ್ದು. ತರಗತಿಯನ್ನು ಬೆಳಿಗ್ಗೆ ಹತ್ತಕ್ಕೆ ತಂದಿದ್ದೇನೆ.

ಅವತ್ತು ನಿಜ ಹೇಳಿದ ಆ ಹಿರಿಯರು ಫೋನ್ ತರಗತಿಗೆ ಮರಳಿ ಬರಲಿಲ್ಲ. ಇತಿಹಾಸದ ತರಗತಿಗೆ ಬರುತ್ತಾರೆ, ಮೈಕಿನ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾರೆ. ಕಳೆದ ವಾರ ಉಪನ್ಯಾಸದ ನಡುವೆ ಕೈ ಎತ್ತಿ, "ಆ ಕೊನೆಯ ಮಾತು ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ" ಅಂದರು. ಅವರ ಹಿಂದೆಯೇ ಇನ್ನೂ ಮೂರು ಕೈಗಳು ಮೇಲೆದ್ದವು.